ಆಣೆ ಇಟ್ಟವನ ಮಿದುಳು

"ಕೊನೇ ಸಲ ಕುಡಿದಿದ್ದು ಯಾವಾಗ?"

ಡಾಕ್ಟರ್ ಕೇಳಿದ್ದು ಇಷ್ಟೇ. ನಿಮ್ಮ ಅಕ್ಕ ಮಾತ್ರ ಹನ್ನೆರಡು ವರ್ಷದ ಹಿಂದಿನಿಂದ ಶುರು ಮಾಡುತ್ತಾಳೆ. ಮದುವೆಯ ಹೊಸತರಲ್ಲಿ ಇವರು ಹೀಗಿರಲಿಲ್ಲ ಎನ್ನುತ್ತಾಳೆ. ಓಲೆ ಅಡವಿಗೆ ಹೋದದ್ದು, ಸಂಘದ ಸಾಲದ ಕಂತು ನಿಂತದ್ದು, ಹಬ್ಬದ ದಿನ ಒಲೆಯ ಮೇಲಿದ್ದ ಪಾತ್ರೆ ಅಂಗಳಕ್ಕೆ ಬಿದ್ದದ್ದು, ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಧರ್ಮಸ್ಥಳಕ್ಕೆ ಕರೆದೊಯ್ದು ಮಂಜುನಾಥನ ಮುಂದೆ ಆಣೆ ಇಡಿಸಿದ್ದನ್ನು ಹೇಳುವಾಗ ಅವಳ ದನಿ ಒಡೆಯುತ್ತದೆ. "ದೇವರ ಮೇಲೆ ಆಣೆ ಇಟ್ಟು ಮುರಿದೋರು ಮೇಡಂ ಇವ್ರು. ಇನ್ಯಾರ ಮಾತು ಕೇಳ್ತಾರೆ?"

"ಅದೆಲ್ಲ ಬರ್ಕೋತೀನಮ್ಮ, ಒಂದೂ ಬಿಡಲ್ಲ. ಮೊದಲು ಇದನ್ನ ಹೇಳಿ. ಕೊನೇ ಸಲ ಎಷ್ಟೊತ್ತಿಗೆ?"

ನೀವು ಬಾಯಿ ಹಾಕುತ್ತೀರಿ. "ನಿನ್ನೆ ರಾತ್ರಿ ಒಂಬತ್ತಕ್ಕೆ ಮೇಡಂ. ಎರಡು ನೈಂಟಿ."

ಡಾಕ್ಟರ್ ಗೋಡೆಯ ಗಡಿಯಾರ ನೋಡುತ್ತಾರೆ. ಬೆಳಗ್ಗೆ ಹನ್ನೊಂದು. ಹದಿನಾಲ್ಕು ಗಂಟೆ ಎಂದು ಕಾಗದದ ಮೂಲೆಯಲ್ಲಿ ಬರೆದು, ಅದರ ಸುತ್ತ ಒಂದು ಗೆರೆ ಎಳೆಯುತ್ತಾರೆ.

ನಿಮ್ಮ ಭಾವ ಮಾತಾಡುವುದಿಲ್ಲ. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಾರೆ. ಕುಣಿಗಲ್ ಕಡೆಯ ಗಾರೆ ಮೇಸ್ತ್ರಿ. ಒಂದು ಕಾಲಕ್ಕೆ ರಸಮಟ್ಟ ಇಡದೆಯೇ ಗೋಡೆ ನೆಟ್ಟಗೆ ಏಳಿಸುತ್ತಿದ್ದ ಕೈಗಳು ಈಗ ಬೆಳಗ್ಗೆ ಒಂದು ನೈಂಟಿ ಒಳಗೆ ಹೋಗದೆ ಕರಣೆ ಹಿಡಿಯುವುದಿಲ್ಲ.

ಇದು ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಯ ವ್ಯಸನ ಚಿಕಿತ್ಸೆಯ ವಿಭಾಗ. ಯಾವ ಆಸ್ಪತ್ರೆ ಎಂಬುದು ಬೇಡ. ಈ ಭಾವ, ಈ ಅಕ್ಕ ಒಂದೇ ಮನೆಯವರೂ ಅಲ್ಲ; ಹಲವು ಮನೆಗಳ ಕಥೆಯನ್ನು ಕೂಡಿಸಿ ನಿಮ್ಮ ಮನೆಗೆ ತಂದಿದ್ದೇನೆ. ನೀವು ಇಲ್ಲಿ ಬಾಮೈದ. ಎರಡು ಜೊತೆ ಬಟ್ಟೆ, ಒಂದು ಸ್ಟೀಲ್ ಲೋಟ, ಆಧಾರ್ ಕಾರ್ಡು, ಬಿಪಿಎಲ್ ಕಾರ್ಡು ಹಿಡಿದು ಬಂದಿದ್ದೀರಿ. ನಿಮ್ಮ ಹೊಟ್ಟೆಯಲ್ಲಿ ಇರುವುದು ಕನಿಕರವಲ್ಲ, ಸಿಟ್ಟು. ಅದನ್ನು ಮುಚ್ಚಿಡಬೇಕಿಲ್ಲ. ಈ ಬೆಂಚುಗಳ ಮೇಲೆ ಕೂತವರಲ್ಲಿ ಅದು ಇಲ್ಲದವರು ಕಡಿಮೆ.

"ಕೈ ಮುಂದೆ ಚಾಚಿ. ಬೆರಳು ಅಗಲಿಸಿ."

ಭಾವ ಚಾಚುತ್ತಾರೆ. ಬೆರಳುಗಳ ತುದಿ ನಡುಗುತ್ತಿದೆ. ಹಣೆಯ ಮೇಲೆ ಬೆವರು ಸಾಲುಗಟ್ಟಿದೆ. ಡಾಕ್ಟರ್ ಕೈಯಲ್ಲಿರುವುದು ಹತ್ತು ಸಾಲುಗಳ ಒಂದು ಪಟ್ಟಿ: ವಾಕರಿಕೆ, ನಡುಕ, ಬೆವರು, ತಳಮಳ, ಚಡಪಡಿಕೆ, ಮೈಮೇಲೆ ಏನೋ ಹರಿದಾಡಿದಂತಾಗುವುದು, ಇಲ್ಲದ ಸದ್ದು ಕೇಳುವುದು, ಇಲ್ಲದ್ದು ಕಾಣುವುದು, ತಲೆನೋವು, ಕೊನೆಗೆ ಇವತ್ತು ಯಾವ ದಿನ, ಇದು ಯಾವ ಊರು ಎಂಬ ಪ್ರಶ್ನೆ. ಎಲ್ಲ ಸೇರಿ ಅಂಕ 67ರ ತನಕ ಏರಬಹುದು. ಪ್ರಪಂಚದ ಎಷ್ಟೋ ಆಸ್ಪತ್ರೆಗಳಲ್ಲಿ ಇದೇ ಪಟ್ಟಿ ಹಿಡಿದು ಕುಡಿತ ನಿಲ್ಲಿಸಿದವರನ್ನು ಅಳೆಯುತ್ತಾರೆ. ಅದರಲ್ಲಿ ಮನೆಯವರ ಮಾತು ಕೇಳುತ್ತಾನಾ ಎಂಬ ಸಾಲಿಲ್ಲ, ಮಾನ ಮರ್ಯಾದೆ ಇದೆಯಾ ಎಂಬ ಸಾಲೂ ಇಲ್ಲ.

"ಇವತ್ತೇ ಅಡ್ಮಿಟ್ ಆಗ್ಲಿ," ಎನ್ನುತ್ತಾರೆ ಡಾಕ್ಟರ್. "ಮೊದಲ ನಾಲ್ಕು ದಿನ ಇವರನ್ನ ಒಂಟಿ ಬಿಡಬೇಡಿ."

ಆ ನಾಲ್ಕು ದಿನ ಏಕೆ ಎಂಬುದು ನಿಮಗೆ ಅರ್ಥವಾಗುವುದು ವಾರ್ಡಿನಲ್ಲಿ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಾಗ.

ಒಳಗೆ ಹೋದ ಮದ್ಯ ಮಿದುಳಿನ ಎರಡು ರಾಸಾಯನಿಕಗಳ ಕೆಲಸದಲ್ಲಿ ಕೈ ಹಾಕುತ್ತದೆ. ಗಾಬಾ ಎಂಬುದು ನರಕೋಶಗಳನ್ನು ಸುಮ್ಮನಾಗಿಸುವುದು. ಮದ್ಯ ಅದಕ್ಕೆ ಬಲ ಕೊಡುತ್ತದೆ. ಗ್ಲುಟಮೇಟ್ ಎಂಬುದು ಎಬ್ಬಿಸುವುದು. ಮದ್ಯ ಅದನ್ನು ಅಡಗಿಸುತ್ತದೆ. ಒಂದು ಸಂಜೆಯ ಮಟ್ಟಿಗೆ ಇದು ಹಗುರ, ನಿರಾಳ. ಆದರೆ ದಿನಕ್ಕೆ ನಾಲ್ಕು ನೈಂಟಿಯಂತೆ ವರ್ಷಗಟ್ಟಲೆ ಹೋದರೆ, ಅಂದರೆ ದಿನಕ್ಕೆ ಸುಮಾರು 120 ಗ್ರಾಂ ಶುದ್ಧ ಮದ್ಯಸಾರ, ಮಿದುಳು ಕೈಕಟ್ಟಿ ಕೂರುವುದಿಲ್ಲ. ತನ್ನ ಸಮತೋಲ ಉಳಿಸಿಕೊಳ್ಳಲು ಸುಮ್ಮನಾಗಿಸುವ ಬಾಗಿಲುಗಳನ್ನು ಕಡಿಮೆ ಮಾಡಿಕೊಂಡು, ಎಬ್ಬಿಸುವ ಬಾಗಿಲುಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಊರ ಹಬ್ಬದ ಹಗ್ಗಜಗ್ಗಾಟ ನೆನಪಿಸಿಕೊಳ್ಳಿ. ಎರಡೂ ಕಡೆ ಮೈ ಬಿಗಿಹಿಡಿದು ಎಳೆಯುತ್ತಿರುವಾಗ ಹಗ್ಗ ಅಲುಗುವುದಿಲ್ಲ. ಒಂದು ಕಡೆಯವರು ತಟ್ಟನೆ ಕೈಬಿಟ್ಟರೆ ಇನ್ನೊಂದು ಕಡೆಯವರು ಅಂಗಾತ ಬೀಳುತ್ತಾರೆ. ನಿನ್ನೆ ರಾತ್ರಿ ಒಂಬತ್ತಕ್ಕೆ ಮದ್ಯ ಕೈಬಿಟ್ಟಿದೆ. ಭಾವನ ಬೆರಳ ತುದಿಯಲ್ಲಿ ನೀವು ನೋಡುತ್ತಿರುವುದು ಆ ಬೀಳುವಿಕೆ.

ಅದಕ್ಕೊಂದು ವೇಳಾಪಟ್ಟಿ ಇದೆ. ನಡುಕ, ಬೆವರು ಆರರಿಂದ ಹನ್ನೆರಡು ಗಂಟೆಯೊಳಗೆ ಶುರುವಾಗುತ್ತವೆ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಎರಡು ದಿನದೊಳಗೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಚಿಕಿತ್ಸೆ ಇಲ್ಲದಿದ್ದ ಕಾಲದಲ್ಲಿ ಈ ಸನ್ನಿ ಹಿಡಿದವರಲ್ಲಿ ಮೂವರಲ್ಲಿ ಒಬ್ಬರ ತನಕ ಸಾಯುತ್ತಿದ್ದರು. ಈಗ ನೂರಕ್ಕೆ ಐದಕ್ಕಿಂತ ಕಡಿಮೆ. ಹೋದ ವರ್ಷ ನೀವು ಮತ್ತು ನಿಮ್ಮ ದೊಡ್ಡಪ್ಪನ ಮಕ್ಕಳು ಸೇರಿ ಭಾವನನ್ನು ರೇಷ್ಮೆ ಮನೆಯೊಳಗೆ ಕೂಡಿಹಾಕಿ, ಎರಡು ದಿನ ಬೀಗ ಜಡಿದಿದ್ದಿರಿ. ಒಳಗಿನಿಂದ ಕೇಳಿದ ಕೂಗಾಟವನ್ನು ನಾಟಕ ಎಂದುಕೊಂಡಿದ್ದಿರಿ. ಅವರು ಬದುಕಿ ಉಳಿದದ್ದು ನಿಮ್ಮ ಪುಣ್ಯ. ಇದನ್ನು ಓದುವ ಯಾರ ಮನೆಯಲ್ಲಾದರೂ ಇಂಥ ಬೀಗ ಇದ್ದರೆ, ದಯವಿಟ್ಟು ಇವತ್ತೇ ತೆಗೆಯಿರಿ.

"ಸಿಸ್ಟರ್, ತುಂಬ ಸುಸ್ತಾಗವ್ರೆ. ಒಂದು ಗ್ಲೂಕೋಸ್ ಏರ್ಸಿ," ಎಂದು ಅಕ್ಕ ಅಂಗಲಾಚುತ್ತಾಳೆ.

"ತಡೀರಮ್ಮ. ಮೊದಲು ಈ ಇಂಜೆಕ್ಷನ್, ಆಮೇಲೆ ಅದು."

ಸಿಸ್ಟರ್ ಕೊಡುತ್ತಿರುವುದು ಥಯಮಿನ್, ಅಂದರೆ ಬಿ1 ಜೀವಸತ್ವ. ಊಟ ಬಿಟ್ಟು ಕುಡಿದವರ ಮೈಯಲ್ಲಿ ಇದು ಬರಿದಾಗಿರುತ್ತದೆ. ಸಕ್ಕರೆಯನ್ನು ಕರಗಿಸಿ ಶಕ್ತಿ ಮಾಡಿಕೊಳ್ಳಲು ಮಿದುಳಿಗೆ ಬಿ1 ಬೇಕೇ ಬೇಕು. ಅದಿಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖಾಲಿಯಾಗಿ, ಕಣ್ಣು ಓಲಾಡಿ, ನಡಿಗೆ ತಪ್ಪಿ, ಮನಸ್ಸು ಕದಡುವ ಸ್ಥಿತಿ ಬರಬಹುದು. ಜರ್ಮನಿಯ ಕಾರ್ಲ್ ವೆರ್ನಿಕೆ 1881ರಲ್ಲಿ ಈ ಸ್ಥಿತಿಯನ್ನು ಬರೆದಿಟ್ಟ. ತಡಮಾಡಿದರೆ ಕೆಲವರಲ್ಲಿ ಹೊಸ ನೆನಪು ಕೂರುವ ಶಕ್ತಿಯೇ ಹೋಗುತ್ತದೆ. ಒಂದು ಅಗ್ಗದ ಇಂಜೆಕ್ಷನ್ನು, ಸರಿಯಾದ ಹೊತ್ತಿನಲ್ಲಿ ಕೊಟ್ಟರೆ, ಒಬ್ಬ ಮನುಷ್ಯನ ನೆನಪನ್ನು ಉಳಿಸುತ್ತದೆ. ಮಿದುಳಿನ ವಿಜ್ಞಾನ ಎಂದರೆ ಬಣ್ಣಬಣ್ಣದ ಸ್ಕ್ಯಾನ್ ಚಿತ್ರಗಳನ್ನೇ ಹೊಗಳುವವರಿಗೆ ಈ ಇಂಜೆಕ್ಷನ್ನನ್ನು ತೋರಿಸಬೇಕು ಎಂದು ನನಗೆ ಅನ್ನಿಸುತ್ತದೆ.

ಜೊತೆಗೆ ಲೊರಾಜಪಾಮ್ ಮಾತ್ರೆ. ಇದೂ ಗಾಬಾಕ್ಕೆ ಬಲ ಕೊಡುವಂಥದ್ದೇ. ಮದ್ಯ ಬಿಟ್ಟ ಜಾಗವನ್ನು ಸ್ವಲ್ಪ ಕಾಲ ತಾನು ಹಿಡಿದು, ದಿನದಿನಕ್ಕೆ ಪ್ರಮಾಣ ಇಳಿಸಿಕೊಳ್ಳುತ್ತಾ ಮಿದುಳನ್ನು ಮೆಲ್ಲಗೆ ನೆಲಕ್ಕೆ ಇಳಿಸುತ್ತದೆ.

ಮೂರನೇ ರಾತ್ರಿ ನೀವು ತೂಕಡಿಸುತ್ತಿರುವಾಗ ಮಂಚ ಕಿರುಗುಡುತ್ತದೆ. ಭಾವ ಎದ್ದು ಕೂತಿದ್ದಾರೆ. ಎಡಗೈ ಗಾಳಿಯಲ್ಲಿ ಏನನ್ನೋ ಎತ್ತಿ ಇಡುತ್ತಿದೆ, ಬಲಗೈ ಅದರ ಮೇಲೆ ಸವರುತ್ತಿದೆ. ಮತ್ತೆ ಎತ್ತುತ್ತಾರೆ, ಇಡುತ್ತಾರೆ, ಸವರುತ್ತಾರೆ. ಒಂದು ಕಣ್ಣು ಮುಚ್ಚಿ ನೇರ ನೋಡುತ್ತಾರೆ.

"ಲೋ, ಗಾರೆ ತತ್ತಾರೋ. ಬಾಂಡ್ಲಿ ಖಾಲಿ ಆಯ್ತು. ಈ ವರಸೆ ಮುಗೀಲಿ."

"ಭಾವ, ಇದು ಆಸ್ಪತ್ರೆ. ಮಲಕ್ಕೊಳ್ಳಿ ಭಾವ."

"ಮಳೆ ಬಂದ್ರೆ ಎಲ್ಲಾ ಕೊಚ್ಚಿ ಹೋಯ್ತದೆ ಕಣೋ. ಇಟ್ಟಿಗೆ ಕೊಡು!"

ನೀವು ಓಡುತ್ತೀರಿ. ಸಿಸ್ಟರ್ ಬರುತ್ತಾರೆ, ಡ್ಯೂಟಿ ಡಾಕ್ಟರ್ ಬರುತ್ತಾರೆ. ನಾಡಿ, ಬಿಪಿ, ಜ್ವರ ನೋಡಿ ಇಂಜೆಕ್ಷನ್ ಕೊಡುತ್ತಾರೆ. ದೀಪ ಆರಿಸಬೇಡಿ ಎನ್ನುತ್ತಾರೆ; ನೆರಳು ಕಂಡರೆ ಭಯ ಹೆಚ್ಚಾಗುತ್ತದಂತೆ. ಸನ್ನಿಯಲ್ಲಿ ಮನುಷ್ಯ ತನ್ನ ಕಸುಬಿನ ಕೆಲಸವನ್ನೇ ಬರಿಗೈಯಲ್ಲಿ ಮಾಡುವುದುಂಟು ಎಂದು ಡಾಕ್ಟರ್ ಹೇಳುತ್ತಾರೆ. ದರ್ಜಿ ಬಟ್ಟೆ ಹೊಲಿಯುತ್ತಾನೆ, ಚಾಲಕ ಸ್ಟೀರಿಂಗ್ ತಿರುಗಿಸುತ್ತಾನೆ. ನಿಮ್ಮ ಭಾವ ಗೋಡೆ ಏಳಿಸುತ್ತಾರೆ. ನೀವು ಅವರ ಬೆನ್ನ ಹಿಂದೆ ನಿಂತು, ಆ ಇಲ್ಲದ ಇಟ್ಟಿಗೆಗಳು ಎಷ್ಟು ಅಚ್ಚುಕಟ್ಟಾಗಿ ಕೂರುತ್ತಿವೆ ಎಂಬುದನ್ನು ನೋಡುತ್ತೀರಿ. ಹೊಟ್ಟೆಯಲ್ಲಿದ್ದ ಸಿಟ್ಟು ಸಡಿಲವಾಗುವುದು ಆಗ.

ಆರನೇ ದಿನ ಮುದ್ದೆ, ಸೊಪ್ಪಿನ ಸಾರು ಹೊಟ್ಟೆಗೆ ಹೋಗುತ್ತದೆ. ಕೈಯ ನಡುಕ ನಿಂತಿದೆ. ಭಾವ ಕ್ಷೌರ ಮಾಡಿಸಿಕೊಂಡಿದ್ದಾರೆ. ಅಕ್ಕ ಚೀಲ ಕಟ್ಟಲು ಶುರು ಮಾಡುತ್ತಾಳೆ.

"ಸರಿ ಹೋದ್ರಲ್ಲ ಮೇಡಂ. ಕರ್ಕೊಂಡು ಹೋಗ್ತೀವಿ."

"ಸರಿಹೋಗಿರೋದು ಮೈ. ನಾವು ಇನ್ನೂ ಕುಡಿತಕ್ಕೆ ಕೈ ಹಾಕಿಲ್ಲ."

ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಆಗ ಅಕ್ಕ ಕೇಳುವ ಮಾತು ಅವಳನ್ನು ಎಷ್ಟೋ ವರ್ಷದಿಂದ ಕೊರೆದದ್ದು. "ಕುಡಿದ್ರೆ ಇವ್ರಿಗೆ ಖುಷಿನೂ ಇರಲ್ಲ ಮೇಡಂ. ಮೊದಲಾದ್ರೂ ಹಾಡೋರು, ನಗೋರು. ಈಗ ಕುಡ್ಕಂಡು ಅಳ್ತಾರೆ. ಇಷ್ಟಾನೇ ಇಲ್ದಿದ್ಮೇಲೆ ಯಾಕೆ ಕುಡಿಯೋದು?"

ಈ ಪ್ರಶ್ನೆಗೆ ಉತ್ತರ ಸಿಗಲು ವಿಜ್ಞಾನಿಗಳಿಗೂ ನಲವತ್ತು ವರ್ಷ ಹಿಡಿಯಿತು. ವಾರ್ಡಿನಿಂದ ಸ್ವಲ್ಪ ಹೊತ್ತು ಹೊರಗೆ ಬನ್ನಿ.

1953, ಕೆನಡಾದ ಮಾಂಟ್ರಿಯಲ್, ಮೆಕ್‌ಗಿಲ್ ವಿಶ್ವವಿದ್ಯಾಲಯ. ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಒಂದು ಇಲಿಯ ಮಿದುಳಿಗೆ ಸಣ್ಣ ತಂತಿ ಇಳಿಸಿದ್ದಾರೆ. ತಂತಿ ಅವರು ಬಯಸಿದ ಜಾಗಕ್ಕೆ ಹೋಗದೆ ಬೇರೆಡೆ ಕೂತಿದೆ. ಮೇಜಿನ ಒಂದು ಮೂಲೆಗೆ ಇಲಿ ಬಂದಾಗಲೆಲ್ಲ ಸಣ್ಣ ವಿದ್ಯುತ್ ಕೊಡುತ್ತಾರೆ. ಇಲಿ ಮತ್ತೆ ಮತ್ತೆ ಅದೇ ಮೂಲೆಗೆ ಬರುತ್ತದೆ. ಸನ್ನೆಕೋಲೊಂದನ್ನು ಕೊಟ್ಟು ತನ್ನ ಮಿದುಳಿಗೆ ತಾನೇ ವಿದ್ಯುತ್ ಕೊಟ್ಟುಕೊಳ್ಳುವಂತೆ ಮಾಡಿದಾಗ ಕೆಲವು ಇಲಿಗಳು ಗಂಟೆಗೆ ಸಾವಿರಾರು ಸಲ ಒತ್ತಿದವು. ಮಿದುಳಿನಲ್ಲಿ ಸುಖದ ಕೇಂದ್ರ ಸಿಕ್ಕಿತು ಎಂದು ಜಗತ್ತು ನಂಬಿತು. ಆ ದಾರಿಯಲ್ಲಿ ಹರಿಯುವ ಡೋಪಮಿನ್‌ಗೆ ಸುಖದ ರಾಸಾಯನಿಕ ಎಂಬ ಹೆಸರು ಅಂಟಿಕೊಂಡಿತು. ನಮ್ಮ ಪತ್ರಿಕೆಗಳಲ್ಲಿ, ವಾಟ್ಸಾಪ್ ಸಂದೇಶಗಳಲ್ಲಿ ಇನ್ನೂ ಅಂಟಿಕೊಂಡೇ ಇದೆ.

1980ರ ದಶಕದ ಕೊನೆಗೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಕೆಂಟ್ ಬೆರಿಜ್ ಮತ್ತು ಟೆರಿ ರಾಬಿನ್ಸನ್ ಇನ್ನೊಂದು ಇಲಿಯನ್ನು ನೋಡುತ್ತಿದ್ದಾರೆ. ಇದರ ಮಿದುಳಿನ ಡೋಪಮಿನ್ ಹೆಚ್ಚುಕಡಿಮೆ ಪೂರ್ತಿ ನಾಶವಾಗಿದೆ. ಮುಂದೆಯೇ ಆಹಾರ ಇದ್ದರೂ ತಿನ್ನಲು ಹೋಗುವುದಿಲ್ಲ. ನಳಿಕೆಯಲ್ಲಿ ಹೊಟ್ಟೆಗೆ ಹಾಕದಿದ್ದರೆ ಉಪವಾಸ ಸಾಯುತ್ತದೆ. ಹಾಗಾದರೆ ಸುಖವೂ ಸತ್ತಿರಬೇಕಲ್ಲವೇ? ನಾಲಗೆಯ ಮೇಲೆ ಸಕ್ಕರೆ ನೀರು ಬಿಡುತ್ತಾರೆ. ಇಲಿ ಬಾಯಿ ಚಪ್ಪರಿಸುತ್ತದೆ, ಉಳಿದ ಇಲಿಗಳಂತೆಯೇ. ಇಷ್ಟ ಅಲ್ಲೇ ಇದೆ. ಹೋಗಿರುವುದು ಬೇಕೆಂಬ ಎಳೆತ.

1993ರಲ್ಲಿ ಇಬ್ಬರೂ ಸೇರಿ ಬರೆದ ಪ್ರಬಂಧದ ತಿರುಳು ಇದು: ಇಷ್ಟಪಡುವುದೂ ಬೇಕೆನ್ನುವುದೂ ಮಿದುಳಿನಲ್ಲಿ ಒಂದೇ ಅಲ್ಲ. ಮಾದಕ ವಸ್ತುವಿನ ಬಳಕೆ ಬೆಳೆದಂತೆ ಬೇಕೆಂಬ ವ್ಯವಸ್ಥೆ ಮಾತ್ರ ದಿನೇ ದಿನೇ ಹರಿತವಾಗುತ್ತದೆ. ಇಷ್ಟ ಇದ್ದಲ್ಲೇ ಇರಬಹುದು, ಕರಗಿಯೂ ಹೋಗಬಹುದು. ಅಳುತ್ತಾ ಕುಡಿಯುವ ಗಂಡನನ್ನು ನೋಡಿದ ನಿಮ್ಮ ಅಕ್ಕ ಪ್ರಯೋಗಾಲಯವಿಲ್ಲದೆ ಕಂಡುಕೊಂಡಿದ್ದೂ ಇದನ್ನೇ.

ಈಗ ಸ್ವಿಟ್ಜರ್ಲೆಂಡಿನ ಫ್ರೀಬೋರ್ಗ್. ವೋಲ್ಫ್ರಾಮ್ ಶುಲ್ಟ್ಸ್ ಕೋತಿಯ ಒಂದೊಂದೇ ಡೋಪಮಿನ್ ನರಕೋಶದ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದಾರೆ. ಕೋತಿಯ ಬಾಯಿಗೆ ಹಣ್ಣಿನ ರಸದ ಹನಿ ಬಿದ್ದಾಗ ಕೋಶ ಸಿಡಿಯುತ್ತದೆ. ಹನಿಗೆ ಮುಂಚೆ ಒಂದು ದೀಪ ಹೊತ್ತಿಸುವುದನ್ನು ರೂಢಿ ಮಾಡಿದ ಮೇಲೆ ಕೋಶ ರಸಕ್ಕೆ ಸಿಡಿಯುವುದಿಲ್ಲ, ದೀಪಕ್ಕೆ ಸಿಡಿಯುತ್ತದೆ. ದೀಪ ಹೊತ್ತಿ ರಸ ಬರದೆ ಹೋದರೆ, ರಸ ಬರಬೇಕಿದ್ದ ಆ ಗಳಿಗೆಯಲ್ಲಿ ಕೋಶ ಮೌನವಾಗುತ್ತದೆ.

ವಾರ್ಡಿಗೆ ಮರಳಿ. ಡಾಕ್ಟರ್ ಭಾವನನ್ನು ಕೇಳುತ್ತಿದ್ದಾರೆ.

"ಕುಡೀಬೇಕು ಅನ್ನೋದು ದಿನದಲ್ಲಿ ಎಷ್ಟೊತ್ತಿಗೆ ಬರುತ್ತೆ?"

ಭಾವ ಬಹಳ ಹೊತ್ತು ಯೋಚಿಸುತ್ತಾರೆ. ಇಷ್ಟು ವರ್ಷದಲ್ಲಿ ಯಾಕೆ ಕುಡಿಯುತ್ತೀಯ ಎಂದು ಕೇಳಿದವರೇ ಎಲ್ಲ. ಯಾವಾಗ ಎಂದು ಯಾರೂ ಕೇಳಿರಲಿಲ್ಲ.

"ಸಂಜೆ... ಕರಣೆ ತೊಳೆಯೋವಾಗ ಮೇಡಂ."

"ಆಗ ಏನಾಗುತ್ತೆ?"

"ಡ್ರಮ್ಮಿನ ನೀರಲ್ಲಿ ಕರಣೆ ಅದ್ದಿದ್ರೆ ಸಾಕು, ಬಾಯಲ್ಲಿ ನೀರು ಬರ್ತದೆ. ಎದೆ ಹೊಡ್ಕೊಳ್ತದೆ. ಆಮೇಲೆ ಕಾಲು ತಾನೇ ಹೋಯ್ತದೆ."

ಕರಣೆ ತೊಳೆಯುವ ನೀರು, ಹಸಿ ಸಿಮೆಂಟಿನ ವಾಸನೆ, ಆರು ಗಂಟೆಯ ಬಿಸಿಲು. ಫ್ರೀಬೋರ್ಗಿನ ಕೋತಿಗೆ ದೀಪ ಏನೋ ಅದೇ ಇವರಿಗೆ ಇದು. ಬೆಳಗ್ಗೆ ದೇವರ ಪಟದ ಮುಂದೆ ನಿಂತು ಇನ್ನು ಮುಟ್ಟುವುದಿಲ್ಲ ಎಂದವರು ಸುಳ್ಳು ಹೇಳಿರಲಿಲ್ಲ. ಆ ಹೊತ್ತಿನಲ್ಲಿ ಹಣೆಯ ಹಿಂದಿನ ಮಿದುಳು, ಮುಂದಾಲೋಚನೆ ಮಾಡಿ ಮೈಯನ್ನು ಹಿಡಿದು ನಿಲ್ಲಿಸುವ ಭಾಗ, ತನ್ನ ಕೆಲಸ ಮಾಡುತ್ತಿತ್ತು. ಸಂಜೆಯ ಹೊತ್ತಿಗೆ ಸುಸ್ತು, ಹಸಿವು, ನಡುಕ ಸೇರಿ ಅದರ ಹಿಡಿತ ಸಡಿಲ. ಅದೇ ಗಳಿಗೆಯಲ್ಲಿ ಆಳದ ಎಳೆತ ಏರಿ ಬರುತ್ತದೆ. ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ನೋರಾ ವೋಲ್ಕೊವ್ ಅವರ ತಂಡ 1990ರ ದಶಕದಲ್ಲಿ ವ್ಯಸನಿಗಳ ಮಿದುಳನ್ನು ಸ್ಕ್ಯಾನ್ ಮಾಡಿ, ಡೋಪಮಿನ್ ಹಿಡಿಯುವ ಒಂದು ಬಗೆಯ ಗ್ರಾಹಕಗಳು ಕೊಕೇನ್ ಬಳಸುವವರಲ್ಲೂ ಕುಡುಕರಲ್ಲೂ ಕಡಿಮೆ ಇರುವುದನ್ನು ತೋರಿಸಿತು. ಕೊಕೇನ್ ಬಳಸುವವರಲ್ಲಿ ಗ್ರಾಹಕಗಳು ಕಡಿಮೆ ಇದ್ದಷ್ಟೂ ಹಣೆಯ ಹಿಂದಿನ ಭಾಗದ ಚಟುವಟಿಕೆಯೂ ಮಂದ. ಮಂಜುನಾಥನ ಮುಂದೆ ಇಟ್ಟ ಆಣೆ ನಿಜವೇ. ಅದನ್ನು ಇಟ್ಟ ಹೊತ್ತು ಬೇರೆ, ಅದು ಬೇಕಾದ ಹೊತ್ತು ಬೇರೆ.

ಹಾಗಾದರೆ ಇದು ಮಿದುಳಿನ ರೋಗವೇ? 1997ರಲ್ಲಿ ಅಮೆರಿಕದ ಅಲನ್ ಲೆಶ್ನರ್ 'ಸೈನ್ಸ್' ಪತ್ರಿಕೆಯಲ್ಲಿ ಹೌದು ಎಂದು ಬರೆದರು. ಅಂದಿನಿಂದ ವಾದ ನಿಂತಿಲ್ಲ. ಒಪ್ಪದವರ ಬಳಿಯೂ ಗಟ್ಟಿ ಪುರಾವೆ ಇದೆ. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬರು ಹೆರಾಯಿನ್, ಅಫೀಮಿಗೆ ದಾಸರಾಗಿದ್ದರು. 1971ರಲ್ಲಿ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹುಡುಕಿ ಮಾತಾಡಿಸಿದರು. ಅಲ್ಲಿ ದಾಸರಾಗಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷದಲ್ಲಿ ಮತ್ತೆ ದಾಸರಾದವರು ನೂರಕ್ಕೆ ಐದರಷ್ಟು ಮಾತ್ರ. ಊರು ಬದಲಾಯಿತು, ಜೊತೆಗಾರರು ಬದಲಾದರು, ಬಂದೂಕಿನ ಭಯ ಹೋಯಿತು. ದೀಪಗಳೆಲ್ಲ ಹಿಂದೆ ಉಳಿದವು.

ನನ್ನ ನಂಬಿಕೆ ಇದು. ಮಿದುಳು ಬದಲಾಗಿದೆ ಎಂಬುದು ಸತ್ಯ. ಅದನ್ನು ಬದಲಾಯಿಸಿದ್ದು ಮದ್ಯವೊಂದೇ ಅಲ್ಲ. ದಿನಗೂಲಿ, ಸೈಟಿನ ತಗಡಿನ ಶೆಡ್ಡು, ಎದುರಿಗೇ ಇರುವ ವೈನ್ ಶಾಪು ಕೂಡ. ರೋಗ ಎಂದು ಕರೆದು ಇವನ್ನೆಲ್ಲ ಕಣ್ಣಿನಿಂದ ಮರೆಮಾಡುವ ವಿಜ್ಞಾನ ಅರ್ಧ ವಿಜ್ಞಾನ. ನಿಮ್ಮ ಭಾವ ವಿಯೆಟ್ನಾಂ ಬಿಟ್ಟುಬಂದ ಸೈನಿಕನಲ್ಲ. ಅವರು ಹಿಂದಿರುಗುವುದು ಅದೇ ಡ್ರಮ್ಮಿನ ಬಳಿಗೆ.

ಅದಕ್ಕಾಗಿಯೇ ಡಾಕ್ಟರ್ ಔಷಧಿಯ ಮಾತಿಗಿಂತ ಮೊದಲು ಡ್ರಮ್ಮಿನ ಮಾತಾಡುತ್ತಾರೆ. ಕರಣೆಯನ್ನು ಆಳು ತೊಳೆಯಲಿ. ಐದೂವರೆಗೆ ಹೊಟ್ಟೆಗೆ ಏನಾದರೂ ಬೀಳಲಿ, ಹಸಿವಿನಲ್ಲಿ ದಾರಿ ಹಿಡಿಯಬಾರದು. ವೈನ್ ಶಾಪಿನ ರಸ್ತೆ ಬಿಟ್ಟು ಕೆರೆ ಏರಿಯ ದಾರಿ. ಶನಿವಾರದ ಬಟವಾಡೆ ಅಕ್ಕನ ಖಾತೆಗೆ ನೇರ ಬರುವಂತೆ ಗುತ್ತಿಗೆದಾರರ ಜೊತೆ ಮಾತು. ನಿಮಗೂ ಒಂದು ಕೆಲಸ ಬೀಳುತ್ತದೆ: ದಿನಾ ಆರು ಗಂಟೆಗೆ ಫೋನ್ ಮಾಡುವುದು. "ಬೈಯೋಕಲ್ಲ," ಎಂದು ಡಾಕ್ಟರ್ ನಿಮ್ಮ ಮುಖ ನೋಡಿಯೇ ಹೇಳುತ್ತಾರೆ. "ಎಳೆತ ಏರಿದ ಹಾಗೇ ಇಳಿಯುತ್ತೆ. ಅರ್ಧ ಗಂಟೆ ದಾಟಿಸಿದ್ರೆ ಸಾಕು, ಎಷ್ಟೋ ಸಲ."

ಧರ್ಮಸ್ಥಳದ ಜನಜಾಗೃತಿ ವೇದಿಕೆ ಹಳ್ಳಿಗಳಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ಬಲ್ಲವರಿಗೆ ಇದು ಹೊಸತಲ್ಲ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಎಂದು ಬಿಟ್ಟವರೇ ಸೇರುತ್ತಾರೆ. ಆಣೆಯನ್ನು ಒಂಟಿ ಮನುಷ್ಯನ ಹೆಗಲಿಗೆ ಬಿಡದೆ ಗುಂಪಿಗೆ ಹಂಚುವ ಆ ಏರ್ಪಾಡಿಗೆ ಮಿದುಳಿನ ಶಾಸ್ತ್ರದಲ್ಲಿ ಒಳ್ಳೆಯ ಆಧಾರವಿದೆ.

ಇನ್ನು ಔಷಧಿ. ನಾಲ್ಟ್ರೆಕ್ಸೋನ್, ದಿನಕ್ಕೊಂದು, 50 ಮಿಲಿಗ್ರಾಂ. ಕುಡಿದಾಗ ಮಿದುಳಿನಲ್ಲಿ ಎಂಡಾರ್ಫಿನ್ ಎಂಬ ಮೈಯದೇ ಅಫೀಮು ಬಿಡುಗಡೆಯಾಗುತ್ತದೆ. ಈ ಮಾತ್ರೆ ಅದು ಕೂರುವ ಜಾಗವನ್ನು ಮೊದಲೇ ಮುಚ್ಚುತ್ತದೆ. 1992ರಲ್ಲಿ ಫಿಲಡೆಲ್ಫಿಯಾದ ಜೋಸೆಫ್ ವೊಲ್ಪಿಚೆಲ್ಲಿ ಮತ್ತು ಯೇಲ್‌ನ ಸ್ಟೆಫನಿ ಓಮಾಲಿ ಬೇರೆ ಬೇರೆಯಾಗಿ ಇದರ ಫಲವನ್ನು ತೋರಿಸಿದರು, 1994ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಯಕೃತ್ತಿನ ಪರೀಕ್ಷೆ ನೋಡಿಯೇ ಕೊಡುತ್ತಾರೆ. ಇದು ಮಂತ್ರವಲ್ಲ. ಹನ್ನೊಂದು ಹನ್ನೆರಡು ಮಂದಿಗೆ ಕೊಟ್ಟರೆ, ಅದರಿಂದಾಗಿ ಒಬ್ಬರು ವಿಪರೀತ ಕುಡಿತಕ್ಕೆ ಮರಳುವುದು ತಪ್ಪುತ್ತದೆ ಎಂಬಷ್ಟು ಬಲ. ಕಡಿಮೆ ಎನ್ನಿಸಬಹುದು. ಹೃದಯಕ್ಕೆ, ಬಿಪಿಗೆ ನಾವು ನಂಬಿ ನುಂಗುವ ಎಷ್ಟೋ ಮಾತ್ರೆಗಳ ಬಲ ಇದಕ್ಕಿಂತ ಹೆಚ್ಚೇನಿಲ್ಲ.

"ಊಟದಲ್ಲಿ ಗೊತ್ತಾಗ್ದಂಗೆ ಬೆರೆಸೋ ಪುಡಿ ಸಿಗ್ತದಂತಲ್ಲ ಮೇಡಂ? ನಮ್ಮೂರ ಬಸ್ ಸ್ಟಾಂಡ್ ಗೋಡೆ ಮೇಲೆ ಬರ್ದವ್ರೆ," ಎನ್ನುತ್ತಾಳೆ ಅಕ್ಕ.

ಡಾಕ್ಟರ್ ದನಿ ಮೊದಲ ಸಲ ಗಡುಸಾಗುತ್ತದೆ. "ಬೇಡ ಅಮ್ಮ. ಖಂಡಿತ ಬೇಡ." ಡೈಸಲ್ಫಿರಾಮ್ ಎಂಬ ಔಷಧಿ ಉಂಟು, 1940ರ ದಶಕದಲ್ಲಿ ಕೋಪನ್‌ಹೇಗನ್‌ನಲ್ಲಿ ಅದರ ಗುಣ ತಿಳಿದದ್ದು. ಅದನ್ನು ತೆಗೆದುಕೊಂಡು ಕುಡಿದರೆ ವಿಷದಂಥ ವಸ್ತು ರಕ್ತದಲ್ಲಿ ತುಂಬಿ ಮುಖ ಕೆಂಪಾಗುತ್ತದೆ, ವಾಂತಿಯಾಗುತ್ತದೆ, ಬಿಪಿ ಕುಸಿಯುತ್ತದೆ. ತಿಳಿದು, ಒಪ್ಪಿ, ಹೆಂಡತಿಯ ಕೈಯಿಂದ ದಿನಾ ನುಂಗುವವರಿಗೆ ಅದು ನೆರವಾದದ್ದಿದೆ. ಗೊತ್ತಿಲ್ಲದೆ ತಿಂದು ಕುಡಿದವರಿಗೆ ಜೀವಕ್ಕೇ ಸಂಚಕಾರ. ಪುಡಿಯಲ್ಲಿ ಏನಿದೆ ಎಂದು ಯಾರಿಗೆ ಗೊತ್ತು?

ಭೇಟಿಯ ದಿನ ನಿಮ್ಮ ಅಳಿಯ ಬಂದಿದ್ದಾನೆ. ಅಕ್ಕನ ಮಗ, ಹತ್ತು ವರ್ಷ. ಅಪ್ಪನ ಮಂಚದ ತುದಿಯಲ್ಲಿ ಕೂತು ಕಡಲೆಕಾಯಿ ಬಿಡಿಸಿಕೊಡುತ್ತಾನೆ. ಹೊರಗೆ ಬಂದ ಮೇಲೆ ನಿಮ್ಮ ಅಂಗಿ ಎಳೆಯುತ್ತಾನೆ.

"ಮಾವ, ನಂಗೂ ಹಿಂಗಾಯ್ತದಾ?"

ಈ ಪ್ರಶ್ನೆಯ ಹಿಂದೆಯೂ ಹೋದವರಿದ್ದಾರೆ. 1984ರಲ್ಲಿ ನ್ಯೂಯಾರ್ಕಿನಲ್ಲಿ ಹೆನ್ರಿ ಬೆಗ್ಲೈಟರ್ ಅವರ ತಂಡ ಕುಡಿತಕ್ಕೆ ದಾಸರಾದವರ 7ರಿಂದ 13 ವರ್ಷದ ಗಂಡುಮಕ್ಕಳ ತಲೆಗೆ ತಂತಿ ಅಂಟಿಸಿ, ಪರದೆಯ ಮೇಲೆ ಚಿತ್ರ ತೋರಿಸಿ, ಮಿದುಳಿನ ವಿದ್ಯುತ್ ಅಲೆ ಅಳೆಯಿತು. ಹೊಸತೊಂದು ಕಂಡಾಗ ಸುಮಾರು 300 ಮಿಲಿಸೆಕೆಂಡಿಗೆ ಏಳುವ ಅಲೆ ಈ ಮಕ್ಕಳಲ್ಲಿ ಚಿಕ್ಕದಿತ್ತು. ಅವರು ಮದ್ಯವನ್ನು ಮುಟ್ಟಿಯೇ ಇರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿವೇಕ್ ಬೆನೆಗಲ್ ಮತ್ತು ಸಂಗಡಿಗರು ನಮ್ಮ ಮನೆಗಳ ಮಕ್ಕಳಲ್ಲೇ ಇಂಥ ಸಂಶೋಧನೆಯನ್ನು ಮುಂದುವರಿಸಿ, ಅಲೆಯ ವ್ಯತ್ಯಾಸವನ್ನೂ ಮಿದುಳಿನ ಕೆಲವು ಭಾಗಗಳ ಗಾತ್ರದ ವ್ಯತ್ಯಾಸವನ್ನೂ ಕಂಡರು. ಚಡಪಡಿಕೆ, ಮುನ್ನುಗ್ಗುವ ಸ್ವಭಾವ ಇರುವ ಮಕ್ಕಳಲ್ಲಿ ಅದು ಹೆಚ್ಚು. ಕುಡಿತದ ಅಪಾಯದಲ್ಲಿ ಸುಮಾರು ಅರ್ಧ ಪಾಲು ವಂಶದ್ದು ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ.

ಡಾಕ್ಟರ್ ಹುಡುಗನ ಎದುರು ಕುಕ್ಕರಗಾಲಿನಲ್ಲಿ ಕೂತು ಉತ್ತರ ಕೊಡುತ್ತಾರೆ. "ನಿನಗೆ ಬೇರೆಯವರಿಗಿಂತ ಸ್ವಲ್ಪ ಬೇಗ ಅಂಟಿಕೊಳ್ಳಬಹುದು ಮರಿ. ಬಂದೇ ಬರುತ್ತೆ ಅಂತಲ್ಲ. ಮುಟ್ಟದೇ ಇದ್ರೆ ಅಂಟೋದೇ ಇಲ್ಲ. ದೊಡ್ಡವನಾಗೋ ತನಕ ಯಾರು ಕೊಟ್ರೂ ಬೇಡ ಅನ್ನು. ಆಯ್ತಾ?" ಹುಡುಗ ತಲೆಯಾಡಿಸುತ್ತಾನೆ. ಹದಿಹರೆಯದ ಮಿದುಳು ಇನ್ನೂ ಕಟ್ಟಿಕೊಳ್ಳುತ್ತಿರುತ್ತದೆ, ಮೊದಲ ಗುಟುಕು ತಡವಾದಷ್ಟೂ ಅಪಾಯ ಕಡಿಮೆ ಎಂದು ನಿಮಗೆ ಬೇರೆಯಾಗಿ ಹೇಳುತ್ತಾರೆ. ಊರ ಹಬ್ಬದಲ್ಲಿ ಹದಿನಾಲ್ಕರ ಹುಡುಗರಿಗೆ ಬಿಯರ್ ಕುಡಿಸಿ ನಗುವ ದೊಡ್ಡವರು ನಿಮಗೆ ನೆನಪಾಗುತ್ತಾರೆ. ಭಾವನಿಗೂ ಮೊದಲ ಲೋಟ ಕೊಟ್ಟದ್ದು ಅವರ ಸೋದರಮಾವ.

ಡಿಸ್ಚಾರ್ಜ್ ದಿನ ಕಾರಿಡಾರಿನಲ್ಲಿ ಜನ ತುಂಬಿದ್ದಾರೆ. ಇಷ್ಟು ಜನವೇ ಎನ್ನಿಸುತ್ತದೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷದವರಲ್ಲಿ ಕುಡಿಯುವವರು ಸುಮಾರು 16 ಕೋಟಿ. ಕುಡಿತದ ತೊಂದರೆಗೆ ನೆರವು ಬೇಕಾದವರು 5.7 ಕೋಟಿ. ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಯಾವುದಾದರೊಂದು ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಗೆ ಸೇರಿ ಪಡೆದವರು 180ರಲ್ಲಿ ಒಬ್ಬರು. ನಿಮ್ಮ ಭಾವ ಆ ಒಬ್ಬರು. ಉಳಿದವರ ಮನೆಯಲ್ಲಿ ಈಗಲೂ ಇರುವುದು ಆಣೆ ಮತ್ತು ಬೀಗ. ಈ ಅಂಕಿಯನ್ನು ಬರೆಯುವಾಗ ನನಗೆ ಕೋಪ ಬರುತ್ತದೆ. ಒಂದು ವಿಟಮಿನ್ ಇಂಜೆಕ್ಷನ್, ಒಂದು ಮಾತ್ರೆ, ಒಬ್ಬ ತರಬೇತಾದ ನರ್ಸ್ ತಾಲ್ಲೂಕು ಆಸ್ಪತ್ರೆಯಲ್ಲಿ ಇರಲಾರದಷ್ಟು ದುಬಾರಿಯೇ?

ಮೂರನೇ ತಿಂಗಳು. ಭಾನುವಾರ ಬೆಳಗ್ಗೆ ಅಕ್ಕನ ಫೋನು. "ನಿನ್ನೆ ಕುಡ್ದವ್ರೆ ಕಣೋ." ಮೊದಲಾಗಿದ್ದರೆ ಇದು ಮೂರು ವಾರ ಮುಚ್ಚಿಟ್ಟ ಗುಟ್ಟಾಗುತ್ತಿತ್ತು, ಆಮೇಲೆ ಜಗಳ, ಆಮೇಲೆ ಮತ್ತೊಂದು ಆಣೆ. ಈ ಸಲ ಸೋಮವಾರ ಬೆಳಗ್ಗೆಯೇ ಮೂವರೂ ಓಪಿಡಿಯಲ್ಲಿದ್ದೀರಿ.

ಭಾವ ಡಾಕ್ಟರ್ ಕಾಲು ಮುಟ್ಟಲು ಬಾಗುತ್ತಾರೆ. "ತಪ್ಪಾಯ್ತು ಮೇಡಂ. ಮಗನ ಮೇಲಾಣೆ, ಇನ್ನು..."

"ಆಣೆ ಬೇಡ. ಕೂತ್ಕೊಳ್ಳಿ." ಡಾಕ್ಟರ್ ಒಂದು ಪತ್ರಿಕೆಯ ಅಂಕಿ ಹೇಳುತ್ತಾರೆ: 2000ದಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದಂತೆ ವ್ಯಸನದ ಚಿಕಿತ್ಸೆ ಪಡೆದವರಲ್ಲಿ ವರ್ಷದೊಳಗೆ ನೂರಕ್ಕೆ 40ರಿಂದ 60 ಮಂದಿ ಮರಳಿ ಬೀಳುತ್ತಾರೆ, ಬಿಪಿ, ಉಬ್ಬಸದವರಲ್ಲೂ ರೋಗ ಮತ್ತೆ ಕೆರಳುವುದು ಅಷ್ಟೇ, ಕೆಲವೊಮ್ಮೆ ಹೆಚ್ಚು. ಬಿಪಿ ಏರಿದವರ ಕೈಯಲ್ಲಿ ಯಾರೂ ಆಣೆ ಇಡಿಸುವುದಿಲ್ಲ, ಮಾತ್ರೆ ಸರಿಮಾಡುತ್ತಾರೆ. ಮದ್ಯ ಮುಟ್ಟದ ತಿಂಗಳುಗಳಲ್ಲಿ ಮಿದುಳಿನ ಹೊರಪದರ ತಕ್ಕಮಟ್ಟಿಗೆ ಚೇತರಿಸಿಕೊಳ್ಳುತ್ತದೆ ಎಂದು ಸ್ಕ್ಯಾನ್‌ಗಳು ತೋರಿಸಿವೆ. ಆ ಮೂರು ತಿಂಗಳು ಒಂದು ಸಂಜೆಗೆ ಅಳಿಸಿ ಹೋಗಿಲ್ಲ.

"ಈಗ ಹೇಳಿ. ಶನಿವಾರ ಎಲ್ಲಿದ್ರಿ? ಯಾರಿದ್ರು ಜೊತೇಲಿ?"

ಭಾವ ನಿಮ್ಮ ಕಡೆ ನೋಡುತ್ತಾರೆ, ಆಮೇಲೆ ಮೇಜಿನ ಕಡೆ. ಮೆಲ್ಲಗೆ ಶುರುಮಾಡುತ್ತಾರೆ. ಛಾವಣಿ ಹಾಕುವ ದಿನವಾಗಿತ್ತು. ಕಾಂಕ್ರೀಟ್ ಮುಗಿಯುವಾಗ ಏಳೂವರೆ. ಮಧ್ಯಾಹ್ನದ ಊಟ ಆಗಿರಲಿಲ್ಲ. ಫೋನು ಶೆಡ್ಡಿನಲ್ಲಿತ್ತು, ಬಾಮೈದ ಮಾಡಿದ್ದು ಗೊತ್ತಾಗಲಿಲ್ಲ. ಮಾತ್ರೆ ಎರಡು ದಿನದ ಹಿಂದೆ ಮುಗಿದಿತ್ತು. ಮನೆ ಯಜಮಾನರು ಛಾವಣಿ ಆಯಿತೆಂದು ಎಲ್ಲರಿಗೂ ತರಿಸಿದ್ದರು. ಒಂದನ್ನು ತೆಗೆದು ಕೈಗೆ ಕೊಟ್ಟರು.

ಡಾಕ್ಟರ್ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. "ಮುಂದಿನ ಛಾವಣಿ ಯಾವತ್ತು?"

"ಬರೋ ತಿಂಗಳು ಹತ್ತನೇ ತಾರೀಕು ಮೇಡಂ."

"ಒಂಬತ್ತಕ್ಕೆ ಇಲ್ಲಿಗೆ ಬನ್ನಿ. ಮಾತ್ರೆ ಎರಡು ತಿಂಗಳಿಗೆ ಬರೀತೀನಿ. ಹತ್ತನೇ ತಾರೀಕು ಬಾಮೈದರು ಸೈಟಿಗೇ ಊಟ ತರ್ಲಿ."